ಸುಕ್ಕಿಲ್ಲದ ಡೆಕೂಪಾಜ್: ಖಾಲಿ ಬಾಟಲಿಯಿಂದ ಅಮ್ಮನ ಕೈಬರಹದ ಡಬ್ಬದವರೆಗೆ

"ನ್ಯಾಪ್ಕಿನ್ ಅಂಟಿಸಿದ್ದೆಲ್ಲ ಸುಕ್ಕು ಸುಕ್ಕಾಯ್ತು, ಏನ್ಮಾಡ್ಲಿ?" "ಬಾಟಲಿ ಮುಗಿಸಿ ವಾರ ಆಯ್ತು, ಇನ್ನೂ ಕೈಗೆ ಅಂಟುತ್ತಲ್ಲ?" "ಮನೆಯಲ್ಲೇ ಪ್ರಿಂಟ್ ತೆಗೆದ ಫೋಟೋ, ಅಂಟು ತಾಗಿದ ಕೂಡಲೇ ಬಣ್ಣ ಬಿಟ್ಕೊಂಡ್ತು." ಡೆಕೂಪಾಜ್ ಶುರು ಮಾಡಿದವರು ನನ್ನನ್ನು ಕೇಳುವುದು ಬಹುಪಾಲು ಈ ಮೂರೇ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಹೇಳುವ ಬದಲು, ಮೊದಲಿಂದ ಕೊನೆವರೆಗೆ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಈ ಮೂರು ತೊಂದರೆಗೂ ಕೈಚಳಕಕ್ಕೂ ಸಂಬಂಧ ಇಲ್ಲ. ಅಂಟು ಜಾಸ್ತಿ ಆಗಿರುತ್ತದೆ, ಇಲ್ಲ ಕಾಗದ ತಪ್ಪಾಗಿರುತ್ತದೆ, ಇಲ್ಲ ಒಣಗಲು ಬಿಟ್ಟಿರುವುದಿಲ್ಲ. ಅಷ್ಟೇ. "ನನಗೆ ಕಲೆ ಬರಲ್ಲ" ಅಂತ ಅರ್ಧಕ್ಕೆ ಬಿಟ್ಟವರು ದಯವಿಟ್ಟು ಇನ್ನೊಂದು ಸಲ ಕೂತು ಮಾಡಿ ನೋಡಿ.

ಇದು ಏನು?

ಚಿತ್ರ ಕತ್ತರಿಸಿ, ಒಂದು ವಸ್ತುವಿನ ಮೇಲೆ ಅಂಟಿಸಿ, ಅದರ ಮೇಲೆ ಪಾರದರ್ಶಕ ಲೇಪ ಹಚ್ಚಿ, ಚಿತ್ರ ಆ ವಸ್ತುವಿನ ಮೇಲೇ ಬರೆದ ಹಾಗೆ ಕಾಣಿಸುವುದು ಡೆಕೂಪಾಜ್. ಫ್ರೆಂಚ್ ಭಾಷೆಯಲ್ಲಿ 'ಕತ್ತರಿಸು' ಅನ್ನುವ ಮಾತಿನಿಂದ ಬಂದ ಹೆಸರು. 18ನೇ ಶತಮಾನದಲ್ಲಿ ಯುರೋಪಿನ ಶ್ರೀಮಂತರಿಗೆ ಚೀನಾ, ಜಪಾನಿನ ಅರಗಿನ ಹೊಳಪಿನ ಪೀಠೋಪಕರಣಗಳ ಹುಚ್ಚು ಹಿಡಿದಿತ್ತು. ಅಷ್ಟು ದುಡ್ಡು ಕೊಡಲು ಆಗದವರಿಗಾಗಿ ವೆನಿಸ್ಸಿನ ಕುಶಲಕರ್ಮಿಗಳು ಅಚ್ಚಾದ ಚಿತ್ರಗಳನ್ನು ಕತ್ತರಿಸಿ, ಮರಕ್ಕೆ ಅಂಟಿಸಿ, ಮೇಲೆ ಪದರದ ಮೇಲೆ ಪದರ ವಾರ್ನಿಶ್ ಹಚ್ಚಿದರು. ಅದಕ್ಕೆ 'ಲಾಕ್ಕಾ ಪೋವೆರಾ', ಅಂದರೆ ಬಡವರ ಅರಗು, ಅನ್ನುವ ಹೆಸರು ಬಂತು. ಹಳೇ ಪದ್ಧತಿಯಲ್ಲಿ 30–40 ಪದರ ವಾರ್ನಿಶ್ ಹಚ್ಚಿ, ನಡುನಡುವೆ ಉಜ್ಜಿ, ಕಾಗದದ ಅಂಚು ಬೆರಳಿಗೆ ಸಿಗದಷ್ಟು ನುಣುಪು ಮಾಡುತ್ತಿದ್ದರು. ನಮಗೆ ಅಷ್ಟು ಬೇಡ. ಮೂರು ನಾಲ್ಕು ಪದರ ಸಾಕು. ಆದರೆ ಒಂದು ಪದರ ಒಣಗದೆ ಇನ್ನೊಂದು ಹಚ್ಚಬಾರದು ಅನ್ನುವ ನಿಯಮ ಅವತ್ತಿನದೇ, ಇವತ್ತಿಗೂ ಬದಲಾಗಿಲ್ಲ.

ಏನೇನು ಬೇಕು?

ಅಂಟು: ಬಿಳಿ ಫೆವಿಕಾಲ್ ಸಾಕು. ಇದನ್ನು ಪಿವಿಎ ಅಂಟು ಅನ್ನುತ್ತಾರೆ. ನೀರಿನಲ್ಲಿ ಕರಗುವ, ಹಸಿ ಇದ್ದಾಗ ಬೆಳ್ಳಗೆ, ಒಣಗಿದಾಗ ಪಾರದರ್ಶಕ ಆಗುವ ಜಾತಿ. 2 ಪಾಲು ಅಂಟಿಗೆ 1 ಪಾಲು ನೀರು ಬೆರೆಸಿ, ತೆಳು ಮಜ್ಜಿಗೆ ಅಲ್ಲ, ಹಾಲಿನ ಕೆನೆಯ ಹದಕ್ಕೆ ತನ್ನಿ. ಮಾಡ್ ಪಾಜ್ ಅನ್ನುವ ತಯಾರಾದ ಅಂಟೂ ಸಿಗುತ್ತದೆ, ಅಂಟು ಮತ್ತು ಮೇಲಿನ ಲೇಪ ಎರಡಕ್ಕೂ ಅದೇ ಆಗುತ್ತದೆ, ಆದರೆ ಬೆಲೆ ಜಾಸ್ತಿ. ಕಲಿಯುವಾಗ ಫೆವಿಕಾಲಲ್ಲೇ ಕಲಿಯಿರಿ.

ಬಣ್ಣ: ಬಿಳಿ ಅಥವಾ ಕೆನೆ ಬಣ್ಣದ ಅಕ್ರಿಲಿಕ್. ಕಡ್ಡಾಯವಾಗಿ ಒಂದು ತಿಳಿ ಬಣ್ಣ ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ವಾರ್ನಿಶ್: ನೀರಿನ ಮೂಲದ ಅಕ್ರಿಲಿಕ್ ವಾರ್ನಿಶ್. ಚಿತ್ರಕಲೆಯ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಮನೆ ಬಾಗಿಲಿಗೆ ಹಚ್ಚಿ ಉಳಿದ ಎಣ್ಣೆ ಮೂಲದ ವಾರ್ನಿಶ್ ಡಬ್ಬ ಅಟ್ಟದ ಮೇಲೆ ಇದೆ, ಅದೇ ಸಾಕಲ್ವಾ ಅಂತ ಹೋಗಬೇಡಿ. ಅದು ದಿನ ಕಳೆದಂತೆ ಹಳದಿ ಆಗುತ್ತದೆ, ನಿಮ್ಮ ಬಿಳಿ ಹಿನ್ನೆಲೆಯೂ ಜೊತೆಗೆ ಹಳದಿ ಆಗುತ್ತದೆ.

ಉಳಿದಂತೆ: ಒಂದು ಇಂಚಿನ ಮೆತ್ತಗಿನ ಚಪ್ಪಟೆ ಬ್ರಷ್ ಎರಡು, ಪಾತ್ರೆ ತೊಳೆಯುವ ಸ್ಪಾಂಜಿನ ತುಂಡು, ಸಣ್ಣ ಚೂಪು ಕತ್ತರಿ, ಉಪ್ಪುಕಾಗದ. ಉಪ್ಪುಕಾಗದದ ಹಿಂದೆ ಒಂದು ಸಂಖ್ಯೆ ಇರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ನುಣುಪು. ಹಾರ್ಡ್‌ವೇರ್ ಅಂಗಡಿಯಲ್ಲಿ 120 ಒಂದು, 220 ಒಂದು, 400 ಒಂದು ಅಂತ ಕೇಳಿ ತನ್ನಿ. ಅಡುಗೆಮನೆಯ ಕ್ಲಿಂಗ್ ಫಿಲ್ಮ್, ಅಂದರೆ ಬಟ್ಟಲು ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ, ಒಂದಿಷ್ಟು ಇದ್ದರೆ ಬಹಳ ಉಪಯೋಗ.

ಕಾಗದ ಆರಿಸುವುದೇ ಅರ್ಧ ಕೆಲಸ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದ್ರೆ ಬಹುಪಾಲು ಜನ ಎಡವುವುದು ಇಲ್ಲೇ.

ಹೂವಿನ ಚಿತ್ರ ಇರುವ ಟಿಶ್ಯೂ ನ್ಯಾಪ್ಕಿನ್ ಹೊಸಬರಿಗೆ ಒಳ್ಳೆಯದು. ಇದು ಸಾಮಾನ್ಯವಾಗಿ 3 ಪದರದ್ದು. ಚಿತ್ರ ಇರುವುದು ಮೇಲಿನ ಒಂದೇ ಪದರದಲ್ಲಿ. ಕೆಳಗಿನ ಎರಡು ಬಿಳಿ ಪದರ ತೆಗೆಯಲೇಬೇಕು. ಮೂಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹುಣಸೆಬೀಜ ಉಜ್ಜಿದ ಹಾಗೆ ಮೆಲ್ಲಗೆ ಉಜ್ಜಿ, ಪದರ ಬಿಡಿಸಿಕೊಳ್ಳುತ್ತದೆ. ಬಿಡಿಸದಿದ್ದರೆ ಮೂಲೆಗೆ ಒಂದು ಚೂರು ಸೆಲ್ಲೋಟೇಪ್ ಹಚ್ಚಿ ಎಳೆಯಿರಿ. ಎರಡು ತೆಗೆದೆ ಅಂದುಕೊಂಡು ಒಂದೇ ತೆಗೆದವರು ತುಂಬಾ ಜನ. ಬೆಳಕಿಗೆ ಹಿಡಿದು ನೋಡಿ. ಆಚೆ ಕಡೆ ಇರುವ ನಿಮ್ಮ ಬೆರಳು ಮಸುಕಾಗಿ ಕಾಣಬೇಕು, ಉಸಿರು ಬಿಟ್ಟರೆ ಹಾರಬೇಕು, ಆಗ ಅದು ಒಂದೇ ಪದರ. ಪದರ ಉಳಿದುಕೊಂಡರೆ ಅಂಟು ಕೆಳಗಿನದಕ್ಕೆ ಮಾತ್ರ ಹಿಡಿಯುತ್ತದೆ, ನಾಲ್ಕು ದಿನಕ್ಕೆ ಚಿತ್ರ ಸಿಪ್ಪೆಯ ಹಾಗೆ ಏಳುತ್ತದೆ.

ಆ ಒಂದು ಪದರ ಬಲೆಯಷ್ಟು ಪಾರದರ್ಶಕ. ಅದಕ್ಕೇ ಕೆಳಗೆ ತಿಳಿ ಬಣ್ಣ ಬೇಕು ಅಂದಿದ್ದು. ಕಪ್ಪು ಅಥವಾ ಕಡು ನೀಲಿ ಮೇಲೆ ಅಂಟಿಸಿದರೆ ಹೂವು ಮಾಯ.

ಪ್ರಿಂಟ್ ತೆಗೆಸುವುದಾದರೆ ಲೇಸರ್ ಪ್ರಿಂಟ್. ಮನೆಯ ಇಂಕ್‌ಜೆಟ್ ಪ್ರಿಂಟರಿನ ಶಾಯಿ ಹೆಚ್ಚಾಗಿ ನೀರಿಗೆ ಕರಗುತ್ತದೆ, ನಮ್ಮ ಅಂಟಿನಲ್ಲಿ ಇರುವುದೂ ನೀರೇ. ಲೇಸರ್ ಮತ್ತು ಝೆರಾಕ್ಸ್ ಯಂತ್ರದಲ್ಲಿ ಇರುವುದು ಟೋನರ್, ಅಂದರೆ ಬಿಸಿಯಿಂದ ಕಾಗದಕ್ಕೆ ಕರಗಿ ಅಂಟಿದ ಪುಡಿ. ಅದು ನೀರಿಗೆ ಕದಲುವುದಿಲ್ಲ. ಅಂಗಡಿಯಲ್ಲಿ "ಲೇಸರ್ರಾ, ಇಂಕ್‌ಜೆಟ್ಟಾ" ಅಂತ ಕೇಳಿ. ಅನುಮಾನ ಬಂದರೆ ಒದ್ದೆ ಬೆರಳಿನಿಂದ ಒಂದು ಮೂಲೆ ಉಜ್ಜಿ ನೋಡಿ. ಬೆರಳಿಗೆ ಬಣ್ಣ ಬಂದರೆ ಆ ಕಾಗದ ಬೇಡ. ಸಾಮಾನ್ಯ 80 ಜಿಎಸ್‌ಎಂ ಕಾಗದ ಸಾಕು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಗ್ರಾಂ ಲೆಕ್ಕದಲ್ಲಿ. ದಪ್ಪ ಕಾಗದ ಬಾಟಲಿಯ ದುಂಡಿಗೆ ಬಗ್ಗುವುದಿಲ್ಲ.

ವಾರಪತ್ರಿಕೆಯ ಹೊಳಪು ಪುಟ, ದಿನಪತ್ರಿಕೆ ಎರಡರಲ್ಲೂ ಒಂದು ತೊಂದರೆ ಇದೆ. ಅಂಟು ತಾಗಿದಾಗ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತದೆ. ದಿನಪತ್ರಿಕೆ ಹಳದಿಯೂ ಆಗುತ್ತದೆ. ಮಗು ಹುಟ್ಟಿದ ದಿನದ ಪೇಪರ್ ಅಂಟಿಸಬೇಕು ಅಂತ ಆಸೆ ಇದ್ದರೆ ಅದರ ಝೆರಾಕ್ಸ್ ಅಂಟಿಸಿ, ಪೇಪರ್ ಎತ್ತಿಡಿ.

ಬಸ್ ಟಿಕೆಟ್, ಸಿನಿಮಾ ಟಿಕೆಟ್, ಅಂಗಡಿ ಬಿಲ್ಲು ಇವು ಈಗ ಹೆಚ್ಚಿನವು ಥರ್ಮಲ್ ಕಾಗದ, ಅಂದರೆ ಶಾಯಿ ಇಲ್ಲದೆ ಬಿಸಿಯಿಂದ ಅಕ್ಷರ ಮೂಡಿಸುವ ಕಾಗದ. ಒಂದೆರಡು ವರ್ಷಕ್ಕೆ ತಾನಾಗಿಯೇ ಮಾಸುತ್ತದೆ. ನೆನಪಿಗೆ ಇಡುವ ಟಿಕೆಟ್ ಏನಾದರೂ ಇದ್ದರೆ, ಡೆಕೂಪಾಜ್ ಮಾಡಲಿ ಬಿಡಲಿ, ಇವತ್ತೇ ಒಂದು ಝೆರಾಕ್ಸ್ ತೆಗೆಸಿ.

ಎಲ್ಲಕ್ಕಿಂತ ಮುಖ್ಯ: ಮೂಲ ಫೋಟೋ, ಮೂಲ ಪತ್ರ, ಮೂಲ ಲಗ್ನಪತ್ರಿಕೆ ಯಾವತ್ತೂ ಅಂಟಿಸಬೇಡಿ. ಒಂದು ಸಲ ಅಂಟಿದ ಮೇಲೆ ವಾಪಸ್ ಬರುವುದಿಲ್ಲ. ತಾತನ ಒಂದೇ ಒಂದು ಫೋಟೋ ಇರುವ ಮನೆಗಳು ಎಷ್ಟಿವೆ ಯೋಚಿಸಿ.

ಮೊದಲ ಕೆಲಸ: ಗಾಜಿನ ಬಾಟಲಿಯ ದೀಪ

ಕಾಫಿ ಪುಡಿಯದೋ ಜಾಮಿನದೋ ಖಾಲಿ ಬಾಟಲಿ ತಗೊಳ್ಳಿ. ನೇರ ಮೈ ಇರುವುದು ಆರಿಸಿ. ಹೊಟ್ಟೆ ಉಬ್ಬಿದ ಬಾಟಲಿಯಲ್ಲಿ ಕಾಗದ ಮಡಿಕೆ ಬಿದ್ದೇ ಬೀಳುತ್ತದೆ, ಅದು ಎರಡನೇ ಮೂರನೇ ಸಲಕ್ಕೆ ಇರಲಿ.

1. ತೊಳೆಯುವುದು. ಬಿಸಿನೀರಿಗೆ ಒಂದು ಚಮಚ ಬಟ್ಟೆ ಸೋಡಾ ಹಾಕಿ ಬಾಟಲಿಯನ್ನು ಅರ್ಧ ಗಂಟೆ ಮುಳುಗಿಸಿಡಿ. ಲೇಬಲ್ ಕಳಚುತ್ತದೆ. ಉಳಿದ ಅಂಟಿಗೆ ಕೊಬ್ಬರಿಎಣ್ಣೆ ಮತ್ತು ಅಡುಗೆ ಸೋಡಾ ಕಲಸಿ ಉಜ್ಜಿ, ಸೋಪು ಹಾಕಿ ತೊಳೆಯಿರಿ. ಒಣಗಿದ ಮೇಲೆ ಮೆಡಿಕಲ್ ಶಾಪಿನ ಸ್ಪಿರಿಟ್ ಹತ್ತಿಗೆ ಹಾಕಿ ಒರೆಸಿ. ಇಲ್ಲಿಂದ ಮುಂದೆ ಬಾಟಲಿಯನ್ನು ಬಾಯಿಯ ಒಳಗೆ ಬೆರಳು ಹಾಕಿ ಎತ್ತಿ, ಮೈ ಮುಟ್ಟಬೇಡಿ. ಬೆರಳಿನ ಜಿಡ್ಡು ಇರುವ ಕಡೆ ಬಣ್ಣ ನಿಲ್ಲುವುದಿಲ್ಲ.

2. ಬಿಳಿ ಹಿನ್ನೆಲೆ. ಸ್ಪಾಂಜ್ ತುಂಡನ್ನು ಬಿಳಿ ಬಣ್ಣಕ್ಕೆ ಅದ್ದಿ ತಟ್ಟಿ ತಟ್ಟಿ ಹಚ್ಚಿ. ಬ್ರಷ್ಷಿನಲ್ಲಿ ಎಳೆದರೆ ಗಾಜಿನ ಮೇಲೆ ಗೆರೆ ಬೀಳುತ್ತದೆ, ಮೊದಲು ಹಚ್ಚಿದ್ದೂ ಕಿತ್ತು ಬರುತ್ತದೆ. ಮೊದಲ ಪದರ ಹರಕು ಹರಕಾಗಿ ಕಾಣುತ್ತದೆ, ಗಾಬರಿ ಬೇಡ. ಒಂದು ಗಂಟೆ ಬಿಟ್ಟು ಎರಡನೆಯದು ಹಚ್ಚಿ. ಬೆಳಕು ಹೊರಗೆ ಬರಬೇಕಲ್ಲ, ಅದಕ್ಕೆ ಎರಡು ತೆಳು ಪದರಕ್ಕೆ ನಿಲ್ಲಿಸಿ. ರಾತ್ರಿಯಿಡೀ ಒಣಗಲಿ.

3. ಚಿತ್ರ ಬಿಡಿಸುವುದು. ನ್ಯಾಪ್ಕಿನ್ನನ್ನು ಕತ್ತರಿಯಲ್ಲಿ ಕತ್ತರಿಸಿದರೆ ಅಂಚು ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ. ಬದಲಿಗೆ ಸಣ್ಣ ಬ್ರಷ್ ನೀರಿಗೆ ಅದ್ದಿ, ಹೂವಿನ ಸುತ್ತ ಅರ್ಧ ಸೆಂಟಿಮೀಟರ್ ಬಿಟ್ಟು ನೀರಿನ ಗೆರೆ ಎಳೆಯಿರಿ, ಆಮೇಲೆ ಎರಡು ಕಡೆಯಿಂದ ಮೆಲ್ಲಗೆ ಎಳೆಯಿರಿ. ಗೆರೆ ಗುಂಟ ಹರಿದು ನಾರು ನಾರಾದ ಅಂಚು ಬರುತ್ತದೆ. ಆ ನಾರು ಬಿಳಿ ಬಣ್ಣದೊಳಗೆ ಕರಗಿ ಹೋಗುತ್ತದೆ, ಎಲ್ಲಿ ಕಾಗದ ಮುಗೀತು ಅಂತ ಹುಡುಕಿದರೂ ಸಿಗಬಾರದು. ಪ್ರಿಂಟ್ ಕಾಗದವಾದರೆ ಕತ್ತರಿಯೇ ಸರಿ. ಕತ್ತರಿ ಹಿಡಿದ ಕೈ ಒಂದೇ ಕಡೆ ಇರಲಿ, ಕಾಗದ ಹಿಡಿದ ಕೈ ತಿರುಗಲಿ.

4. ಅಂಟಿಸುವುದು. ಸುಕ್ಕಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಒದ್ದೆ ಆದಾಗ ಕಾಗದ ಹಿಗ್ಗುತ್ತದೆ. ಹಿಗ್ಗಿದ್ದಕ್ಕೆ ಹೋಗಲು ಜಾಗ ಇಲ್ಲದಿದ್ದರೆ ಮೇಲೆದ್ದು ಮಡಿಕೆ ಆಗುತ್ತದೆ. ಅದಕ್ಕೇ ಅಂಟು ಕಡಿಮೆ ಇರಬೇಕು, ಮತ್ತು ನಡುವಿನಿಂದ ಹೊರಕ್ಕೆ ಹೋಗಬೇಕು. ನ್ಯಾಪ್ಕಿನ್ ಆದರೆ ಒಣ ಬಾಟಲಿಯ ಮೇಲೆ ಒಣ ಚಿತ್ರ ಇಡಿ. ಬ್ರಷ್ಷಿಗೆ ಅಂಟು ತಗೊಂಡು ಡಬ್ಬದ ಅಂಚಿಗೆ ಎರಡೂ ಕಡೆ ಒರೆಸಿ, ಚಿತ್ರದ ನಡುವೆ ಒಂದು ಚುಕ್ಕೆ ಇಟ್ಟು, ಅಲ್ಲಿಂದ ಸೂರ್ಯನ ಕಿರಣದ ಹಾಗೆ ಹೊರಕ್ಕೆ ಎಳೆಯಿರಿ. ಅಂಟು ಟಿಶ್ಯೂ ಮೂಲಕ ಕೆಳಗೆ ಇಳಿದು ತಾನೇ ಹಿಡಿಯುತ್ತದೆ. ಒಂದೇ ಜಾಗದಲ್ಲಿ ಎರಡು ಮೂರು ಸಲ ಬ್ರಷ್ ಆಡಿಸಿದರೆ ಹರಿಯುತ್ತದೆ.

ಪ್ರಿಂಟ್ ಕಾಗದಕ್ಕೆ ವಿಧಾನ ಬೇರೆ. ಕಾಗದದ ಹಿಂಬದಿಗೆ ಅಂಟು ಹಚ್ಚಿ ಒಂದೆರಡು ನಿಮಿಷ ಸುಮ್ನೆ ಬಿಡಿ. ಹಿಗ್ಗುವುದೆಲ್ಲ ಅಲ್ಲೇ ಹಿಗ್ಗಿಕೊಳ್ಳಲಿ. ಆಮೇಲೆ ಬಾಟಲಿಗೂ ತೆಳುವಾಗಿ ಅಂಟು ಸವರಿ ಇಡಿ. ಮೇಲೆ ಕ್ಲಿಂಗ್ ಫಿಲ್ಮ್ ಹೊದಿಸಿ, ಅದರ ಮೇಲಿಂದ ಹೆಬ್ಬೆರಳಿನಲ್ಲಿ ನಡುವಿನಿಂದ ಅಂಚಿಗೆ ಒತ್ತಿ. ಬೆರಳು ಕಾಗದಕ್ಕೆ ಅಂಟುವುದಿಲ್ಲ, ಜಾಸ್ತಿ ಅಂಟು ಹೊರಗೆ ಬರುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ.

5. ಬಿಟ್ಟುಬಿಡುವುದು. ಹೌದು, ಇದೂ ಒಂದು ಹಂತ. ಒಂದು ಸಣ್ಣ ಸುಕ್ಕು ಕಂಡರೆ ಹಸಿ ಇರುವಾಗ ಕೈ ಹಾಕಬೇಡಿ. ಒಣಗುವಾಗ ಕಾಗದ ಮತ್ತೆ ಬಿಗಿಯಾಗುತ್ತದೆ, ಅರ್ಧಕ್ಕರ್ಧ ಸುಕ್ಕು ತಾನೇ ಹೋಗುತ್ತದೆ. ಬೆಳಿಗ್ಗೆ ನೋಡಿ. ಗುಳ್ಳೆ ಉಳಿದಿದ್ದರೆ ಬ್ಲೇಡಿನ ತುದಿಯಿಂದ ಒಂದು ಸಣ್ಣ ಸೀಳು ಮಾಡಿ, ಹಲ್ಲುಕಡ್ಡಿಯಲ್ಲಿ ಅಂಟು ಒಳಗೆ ಬಿಟ್ಟು ಒತ್ತಿ. ಸುಕ್ಕಿನ ಏಣು ಉಳಿದಿದ್ದರೆ 400ರ ಉಪ್ಪುಕಾಗದ ಬೆರಳಿಗೆ ಸುತ್ತಿ, ಏಣಿನ ಮೇಲೆ ಮಾತ್ರ, ಗುಂಡಗೆ ಅಲ್ಲ ಒಂದೇ ದಿಕ್ಕಿಗೆ, ಎರಡು ಮೂರು ಸಲ ಆಡಿಸಿ. ಬಣ್ಣ ಹೋಗಿ ಬಿಳಿ ಕಂಡರೆ ಅದೇ ಬಣ್ಣದ ಪೆನ್ಸಿಲ್ಲಿನಿಂದ ಮುಟ್ಟಿಸಿ, ಯಾರಿಗೂ ಗೊತ್ತಾಗುವುದಿಲ್ಲ.

6. ಮುಚ್ಚುಲೇಪ. ಕಾಗದದ ಮೇಲೆ ತೆಳುವಾಗಿ ಅಂಟಿನ ಒಂದು ಪದರ ಹಚ್ಚಿ. ಅಂಚುಗಳ ಮೇಲೆ ವಿಶೇಷ ಗಮನ ಇರಲಿ, ಕಾಗದ ಏಳುವುದು ಯಾವಾಗಲೂ ಅಂಚಿನಿಂದ. ಆಮೇಲೆ ಪೂರ್ತಿ ಒಂದು ದಿನ, 24 ಗಂಟೆ, ಮುಟ್ಟಬೇಡಿ.

7. ವಾರ್ನಿಶ್. ಒಂದು ಪದರ ಅಡ್ಡಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಉದ್ದಕ್ಕೆ, ಹೀಗೆ ಮೂರು. ಬಾಟಲಿಯನ್ನು ಮೇಜಿನ ಮೇಲೆ ನೇರ ಇಟ್ಟರೆ ತಳ ಪೇಪರಿಗೆ ಅಂಟಿಕೊಳ್ಳುತ್ತದೆ. ಒಂದು ಲೋಟ ಬೋರಲು ಹಾಕಿ ಅದರ ಮೇಲೆ ಇಡಿ.

ಇದಾದ ಮೇಲೆ ಬ್ಯಾಟರಿಯ ಸಣ್ಣ ಎಲ್‌ಇಡಿ ಸರ ಒಳಗೆ ಸುರಿದರೆ ದೀಪ ಸಿದ್ಧ. ಬೆಳಕು ಹಿಂದಿನಿಂದ ಬಂದಾಗ ಹೂವಿನ ಎಸಳಿನ ನರಗಳೂ ಕಾಣುತ್ತವೆ. ನವರಾತ್ರಿಯಲ್ಲಿ ಗೊಂಬೆ ಮೆಟ್ಟಿಲ ಎರಡೂ ಬದಿಗೆ ಇಂಥದ್ದು ಒಂದೊಂದು ಇಟ್ಟು ನೋಡಿ.

ಅಂಟಂಟು ಯಾಕೆ ಹೋಗುವುದಿಲ್ಲ?

ಬಿಳಿ ಅಂಟು ಮುಟ್ಟಿದರೆ ಒಣಗಿದ ಹಾಗೆ ಅನ್ನಿಸಲು 20 ನಿಮಿಷ ಸಾಕು. ಒಳಗಿನ ನೀರೆಲ್ಲ ಆರಿ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಮಾಡ್ ಪಾಜ್ ತಯಾರಕರೇ 4 ವಾರ ಅನ್ನುತ್ತಾರೆ. ಮೇಲಿನ ಪದರ ಮೊದಲು ಒಣಗಿ ಮುಚ್ಚಳದ ಹಾಗೆ ಕೂತುಬಿಟ್ಟರೆ ಕೆಳಗಿನ ನೀರು ಸಿಕ್ಕಿಹಾಕಿಕೊಳ್ಳುತ್ತದೆ. ಲೇಪ ಹಾಲಿನ ಹಾಗೆ ಮಂಜು ಮಂಜಾಗಿ ಕಾಣುವುದೂ ಅದಕ್ಕೇ. ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ದೊಡ್ಡ ತಲೆನೋವು. ಬಟ್ಟೆಯೇ ಒಣಗದ ಊರಲ್ಲಿ ಅಂಟು ಹೇಗೆ ಒಣಗೀತು ಅಲ್ವಾ? ಆ ತಿಂಗಳುಗಳಲ್ಲಿ ನಾನು ಹೇಳಿದ ಸಮಯಕ್ಕೆ ಎರಡರಷ್ಟು ಹಿಡಿಯಿರಿ, ಫ್ಯಾನ್ ಕೆಳಗೆ ಇಡಿ, ಪದರ ಇನ್ನೂ ತೆಳು ಮಾಡಿ. ಹೇರ್ ಡ್ರೈಯರ್ ಹತ್ತಿರ ಹಿಡಿಯಬೇಡಿ, ಗುಳ್ಳೆ ಏಳುತ್ತದೆ. ನೇರ ಬಿಸಿಲೂ ಬೇಡ.

ಇನ್ನೊಂದು ಕಾರಣ, ಬರೀ ಫೆವಿಕಾಲಿನಲ್ಲೇ ಮುಗಿಸಿ ವಾರ್ನಿಶ್ ಬಿಟ್ಟಿರುವುದು. ಪಿವಿಎ ಅಂಟು ಎಷ್ಟೇ ಒಣಗಿದರೂ ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ. ವಾರ್ನಿಶ್ ಕಡ್ಡಾಯ.

ನೆನಪಿನ ಉಡುಗೊರೆ: ಕೈಬರಹದ ಸಾರಿನಪುಡಿ ಡಬ್ಬ

ನನಗೆ ಡೆಕೂಪಾಜ್‌ನಲ್ಲಿ ಅತಿ ಇಷ್ಟದ ಕೆಲಸ ಇದು. ಮಗಳೋ ತಂಗಿಯೋ ಬೇರೆ ಊರಿಗೆ, ಬೇರೆ ದೇಶಕ್ಕೆ ಹೊರಟಾಗ ಸಾರಿನಪುಡಿ ಕಟ್ಟಿಕೊಡುವುದು ನಮ್ಮಲ್ಲಿ ಇದ್ದೇ ಇದೆ. ಆ ಪುಡಿಯ ಅಳತೆ ಅಮ್ಮನ ಅಥವಾ ಅಜ್ಜಿಯ ಕೈಬರಹದಲ್ಲಿ ಎಲ್ಲೋ ಇರುತ್ತದೆ. ಹಳೇ ಡೈರಿಯ ಹಿಂದಿನ ಪುಟ, ಕ್ಯಾಲೆಂಡರಿನ ಬೆನ್ನು, ಇನ್‌ಲ್ಯಾಂಡ್ ಲೆಟರಿನ ಅಂಚು. ನಮ್ಮಮ್ಮನ ಚೀಟಿಯಲ್ಲಿ "ಕೊತ್ತಂಬರಿ ಬೀಜ 1 ಪಾವು" ಅಂತ ಶುರುವಾಗಿ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ ದಾಟಿ, ಮೆಂತ್ಯದ ಹತ್ತಿರ ಬಂದಾಗ ಅಳತೆ ಇಲ್ಲ, "ಸ್ವಲ್ಪ, ಕಹಿ ಆಗಬಾರದು" ಅಂತ ಇದೆ. ಆ 'ಸ್ವಲ್ಪ'ದ ಕೆಳಗೆ ಎರಡು ಸಲ ಗೆರೆ ಎಳೆದಿದ್ದಾರೆ, ಪೆನ್ನು ಒತ್ತಿ. ಚೀಟಿಯ ಮೂಲೆಯಲ್ಲಿ ಒಂದು ಎಣ್ಣೆ ಕಲೆ. ಡಬ್ಬದ ಮೇಲೆ ಬರಬೇಕಾದದ್ದು ಇದೆಲ್ಲವೂ. ಕಂಪ್ಯೂಟರಿನಲ್ಲಿ ಕಲೆ ಅಳಿಸಿ, ಗೆರೆ ನೇರ ಮಾಡಿ ಪ್ರಿಂಟ್ ತೆಗೆಸಬೇಡಿ ಅಂತ ನನ್ನ ಕೋರಿಕೆ.

ಕಲರ್ ಝೆರಾಕ್ಸ್ ತೆಗೆಸಿ, ಕಪ್ಪು ಬಿಳುಪು ಬೇಡ. ಕಾಗದ ಹಳದಿಯಾದ ಬಣ್ಣ, ಇನ್‌ಲ್ಯಾಂಡಿನ ನೀಲಿ, ಶಾಯಿಯ ಬಣ್ಣ ಬರಬೇಕು. ಅಕ್ಷರ ಮಾಸಿದ್ದರೆ ಸ್ವಲ್ಪ ಗಾಢ ಮಾಡಿಕೊಡಿ ಅಂತ ಕೇಳಿ. ಎರಡು ಮೂರು ಪ್ರತಿ ಇರಲಿ, ಒಂದು ಹಾಳಾದರೆ ಇನ್ನೊಂದು.

ತಗಡಿನ ಅಥವಾ ಸ್ಟೀಲಿನ ನೇರ ಮೈಯ ಡಬ್ಬ ತಗೊಳ್ಳಿ. ಲೋಹದ ನುಣುಪಿಗೆ ಬಣ್ಣ ಹಿಡಿಯುವುದಿಲ್ಲ. 220ರ ಉಪ್ಪುಕಾಗದದಿಂದ ಹೊಳಪು ಹೋಗಿ ಮಂಕಾಗುವವರೆಗೆ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಲೋಹಕ್ಕೆ ಹಚ್ಚುವ ಪ್ರೈಮರ್ ಒಂದು ಪದರ ಹಚ್ಚಿ. ಪ್ರೈಮರ್ ಅಂದರೆ ಬಣ್ಣಕ್ಕೆ ಹಿಡಿತ ಕೊಡುವ ಮೊದಲ ಲೇಪ. ತಗಡಾದರೆ ಇದನ್ನು ಬಿಡಲೇಬಾರದು, ಅಂಟಿನ ನೀರಿಗೆ ತುಕ್ಕು ಹಿಡಿದು ಕಂದು ಚುಕ್ಕೆ ಕಾಗದದ ಮೂಲಕ ಮೇಲೆ ಬರುತ್ತದೆ. ಆಮೇಲೆ ಕೆನೆ ಬಣ್ಣ ಎರಡು ಪದರ.

ಚೀಟಿಯ ಪ್ರತಿಯನ್ನು ಡಬ್ಬಕ್ಕೆ ಸುತ್ತಿ ನೋಡಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಅಕ್ಷರದ ಸಾಲು ಡಬ್ಬದ ತಳಕ್ಕೆ ಸಮನಾಗಿರಲಿ, ಒಂದಿಷ್ಟು ವಾರೆಯಾದರೂ ದುಂಡು ಡಬ್ಬದಲ್ಲಿ ಎದ್ದು ಕಾಣುತ್ತದೆ. ಮೇಲೆ 4ನೇ ಹಂತದಲ್ಲಿ ಪ್ರಿಂಟ್ ಕಾಗದಕ್ಕೆ ಹೇಳಿದ ಹಾಗೆ ಅಂಟಿಸಿ. ಕಾಗದ ದೊಡ್ಡದಿದ್ದರೆ ಒಂದೇ ಸಲಕ್ಕೆ ಪೂರ್ತಿ ಸುತ್ತಬೇಡಿ. ನಡುವಿನ ನಾಲ್ಕು ಬೆರಳಗಲ ಮೊದಲು ಹಿಡಿಸಿ, ಆಮೇಲೆ ಎಡಕ್ಕೆ, ಆಮೇಲೆ ಬಲಕ್ಕೆ. ಮುಚ್ಚಳ ಕೂರುವ ಅಂಚಿನಿಂದ 1 ಸೆಂಟಿಮೀಟರ್ ಕೆಳಗೇ ಕಾಗದ ನಿಲ್ಲಲಿ. ಅಡುಗೆಮನೆಯ ಡಬ್ಬ ಆದ್ದರಿಂದ ಒದ್ದೆ ಕೈ, ಎಣ್ಣೆ ಕೈ ತಾಗುತ್ತದೆ, ವಾರ್ನಿಶ್ 4 ಪದರ ಹಚ್ಚಿ. ಒಳಗೆ ಏನೂ ಹಚ್ಚಬೇಡಿ. ನಮ್ಮ ಅಂಟು, ಬಣ್ಣ, ವಾರ್ನಿಶ್ ಯಾವುದೂ ಆಹಾರಕ್ಕೆ ತಾಗುವಂಥದ್ದಲ್ಲ. ವಾಸನೆ ಪೂರ್ತಿ ಹೋಗುವವರೆಗೆ ಪುಡಿ ತುಂಬಬೇಡಿ.

ಲಗ್ನಪತ್ರಿಕೆಯಿಂದ ಮಾಡುವುದಾದರೆ

25ನೇ ಮದುವೆ ವರ್ಷಕ್ಕೆ ಅಪ್ಪ ಅಮ್ಮನಿಗೆ ಮರದ ಪೆಟ್ಟಿಗೆ ಮಾಡಿಕೊಡುವವರು ಹೆಚ್ಚು. ಇಲ್ಲಿ ಒಂದು ತೊಡಕಿದೆ. ಪತ್ರಿಕೆಯ ಮೇಲಿನ ಚಿನ್ನದ ಬಣ್ಣದ ಗಣಪತಿ, ಅಕ್ಷರ ಝೆರಾಕ್ಸ್‌ನಲ್ಲಿ ಕಪ್ಪು ಕಂದು ಬರುತ್ತದೆ. ಚಿನ್ನದ ಹಾಳೆಯ ಹೊಳಪನ್ನು ಯಂತ್ರ ಹಿಡಿಯುವುದಿಲ್ಲ. ಪತ್ರಿಕೆ ನಾಲ್ಕಾರು ಉಳಿದಿದ್ದರೆ ಮಾತ್ರ ಒಂದರಿಂದ ಗಣಪತಿಯನ್ನು ಕತ್ತರಿಸಿಕೊಳ್ಳಿ. ದಪ್ಪ ರಟ್ಟಾಗಿರುತ್ತದೆ, ಹಿಂಬದಿಗೆ ಸ್ವಲ್ಪ ನೀರು ಸವರಿ, ಉಗುರಿನಿಂದ ಪದರ ಸುಲಿದು ತೆಳು ಮಾಡಿ. ಒಂದೇ ಪತ್ರಿಕೆ ಉಳಿದಿದ್ದರೆ ಝೆರಾಕ್ಸ್ ಮಾಡಿ, ಚಿನ್ನದ ಜಾಗಕ್ಕೆ ಚಿನ್ನದ ಬಣ್ಣದ ಅಕ್ರಿಲಿಕ್ ಸಣ್ಣ ಬ್ರಷ್ಷಿನಿಂದ ತುಂಬಿ.

ಎಂಡಿಎಫ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ, ಅದರ ಪೆಟ್ಟಿಗೆ ಅಗ್ಗಕ್ಕೆ ಸಿಗುತ್ತದೆ. ಅದು ನೀರು ಕುಡಿದು ಉಬ್ಬುತ್ತದೆ, ಆದ್ದರಿಂದ ಮೊದಲು ಒಳಗೆ ಹೊರಗೆ ಎರಡೂ ಕಡೆ ಬಣ್ಣ ಹಚ್ಚಿ. ಒಂದೇ ಕಡೆ ಹಚ್ಚಿದರೆ ಮುಚ್ಚಳ ಬಾಗುತ್ತದೆ. ಮರ ಒರಟಾಗಿದ್ದರೆ 120, ಆಮೇಲೆ 220.

ಚಪ್ಪಟೆ ಮುಚ್ಚಳದ ಮೇಲೆ ನ್ಯಾಪ್ಕಿನ್ ಒಂದೂ ಸುಕ್ಕಿಲ್ಲದೆ ಬರಬೇಕಾದರೆ ಇಸ್ತ್ರಿ ವಿಧಾನ ಇದೆ. ಬಿಳಿ ಬಣ್ಣದ ಮೇಲೆ ಅಂಟು ಎರಡು ಪದರ ಹಚ್ಚಿ ಪೂರ್ತಿ ಒಣಗಿಸಿ. ಒಣ ನ್ಯಾಪ್ಕಿನ್ ಹರಡಿ, ಮೇಲೆ ಕೇಕ್ ಮಾಡುವಾಗ ಹಾಸುವ ಬೇಕಿಂಗ್ ಪೇಪರ್ ಇಡಿ, ಹಬೆ ಇಲ್ಲದ ಮಧ್ಯಮ ಬಿಸಿಯ ಇಸ್ತ್ರಿ ಪೆಟ್ಟಿಗೆಯಿಂದ ನಡುವಿನಿಂದ ಹೊರಕ್ಕೆ ಒತ್ತಿ. ಬಿಸಿಗೆ ಒಣಗಿದ ಅಂಟು ಮೆತ್ತಗಾಗಿ ಟಿಶ್ಯೂ ಹಿಡಿಯುತ್ತದೆ. ನೀರೇ ಇಲ್ಲ, ಹಾಗಾಗಿ ಹಿಗ್ಗುವುದೂ ಇಲ್ಲ.

ಮುಚ್ಚಳ ಇರುವ ಯಾವುದೇ ಪೆಟ್ಟಿಗೆಗೆ ಇದು ನೆನಪಿರಲಿ: ವಾರ್ನಿಶ್ ಆದ ಮೇಲೆ ಮುಚ್ಚಿಡಬೇಡಿ. ಲೇಪಕ್ಕೆ ಲೇಪ ಅಂಟಿ, ಬಿಡಿಸುವಾಗ ಚಿತ್ರವೇ ಕಿತ್ತು ಬರುತ್ತದೆ. ಎರಡು ವಾರವಾದರೂ ತೆರೆದಿಡಿ, ಮುಚ್ಚಳ ತಾಗುವ ಅಂಚಿಗೆ ಮೇಣದಬತ್ತಿ ತುಂಡು ಉಜ್ಜಿ. ಲೆಕ್ಕ ಹಾಕಿ ನೋಡಿದರೆ ಉಡುಗೊರೆ ಕೊಡುವ ದಿನಕ್ಕೆ ಒಂದು ತಿಂಗಳು ಮುಂಚೆ ಕೆಲಸ ಶುರುವಾಗಿರಬೇಕು.

ಇವನ್ನು ಮಾಡಬೇಡಿ

ಎಣ್ಣೆ ಹಾಕಿ ಹಚ್ಚುವ ಮಣ್ಣಿನ ಹಣತೆಗೆ ಡೆಕೂಪಾಜ್ ಬೇಡ. ಎಣ್ಣೆ ಮಣ್ಣಿನ ಮೂಲಕ ಹೊರಗೆ ಬಂದು ಕಾಗದ ನೆನೆಯುತ್ತದೆ, ಪಕ್ಕದಲ್ಲೇ ಬೆಂಕಿ. ದೀಪಾವಳಿಗೆ ಅಲಂಕಾರದ ಹಣತೆ ಬೇಕಾದರೆ ಎಲ್‌ಇಡಿ ದೀಪ ಇಡಿ. ಹೂಕುಂಡಕ್ಕೆ ನೇರ ಮಣ್ಣು ತುಂಬಬೇಡಿ, ಒಳಗಿನ ತೇವಕ್ಕೆ ಹೊರಗಿನ ಕಾಗದ ಗುಳ್ಳೆ ಏಳುತ್ತದೆ. ಪ್ಲಾಸ್ಟಿಕ್ ಕುಂಡ ಒಳಗೆ ಕೂರಿಸಿ. ತಟ್ಟೆಯ ತಿನ್ನುವ ಕಡೆ, ಲೋಟದ ತುಟಿ ತಾಗುವ ಕಡೆ ಬೇಡವೇ ಬೇಡ. ಚನ್ನಪಟ್ಟಣದ ಗೊಂಬೆ, ಡಬ್ಬಿಗಳ ಮೇಲೂ ಅಂಟಿಸಲು ಹೋಗಬೇಡಿ. ಅರಗಿನ ನುಣುಪಿಗೆ ಅಂಟು ಹಿಡಿಯುವುದಿಲ್ಲ, ಹಿಡಿಯಲಿ ಅಂತ ಉಪ್ಪುಕಾಗದ ಹಾಕಿದರೆ ತಿರುಗಣಿಯ ಮೇಲೆ ಒಬ್ಬರು ಕೂತು ತಂದ ಹೊಳಪು ಒಂದು ನಿಮಿಷದಲ್ಲಿ ಹೋಗುತ್ತದೆ.

ಬ್ರಷ್ಷನ್ನು ಕೆಲಸದ ನಡುವೆ ನೀರಿನ ಲೋಟದಲ್ಲಿ ಇಡಿ, ಮುಗಿದ ಕೂಡಲೇ ಸೋಪಿನಲ್ಲಿ ತೊಳೆಯಿರಿ. ಪಿವಿಎ ಒಣಗಿದ ಬ್ರಷ್ ಕಡ್ಡಿಯಾಗುತ್ತದೆ.

ಡಬ್ಬ ಕೊಡುವ ಮುಂಚೆ ಇನ್ನು ಎರಡೇ ಕೆಲಸ. ಒಂದು ಸಣ್ಣ ಕಾಗದದಲ್ಲಿ ಇದು ಯಾರ ಕೈಬರಹ, ಯಾವ ವರ್ಷದ್ದು, ಡಬ್ಬ ಯಾರು ಯಾವಾಗ ಮಾಡಿದ್ದು ಅಂತ ಪೆನ್ಸಿಲ್ಲಿನಲ್ಲಿ ಬರೆದು ತಳಕ್ಕೆ ಅಂಟಿಸಿ, ಅದರ ಮೇಲೂ ವಾರ್ನಿಶ್ ಹಚ್ಚಿ. ಇನ್ನೊಂದು ಚೀಟಿ ಜೊತೆಗೆ ಇಡಿ: "ನೀರಲ್ಲಿ ಮುಳುಗಿಸಬೇಡ, ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಬೇಡ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸು, ಒಲೆ ಪಕ್ಕ ಇಡಬೇಡ." ಉಳಿದ ಝೆರಾಕ್ಸ್ ಪ್ರತಿಯನ್ನೂ ಅದರ ಜೊತೆಗೇ ಮಡಿಸಿ ಕೊಡಿ. ಪುಡಿ ಖಾಲಿಯಾದಾಗ ಮತ್ತೆ ಹುರಿಯಲು ಅಳತೆ ಬೇಕಾಗುತ್ತದಲ್ಲ, ಡಬ್ಬ ತಿರುಗಿಸಿ ತಿರುಗಿಸಿ ಓದುವುದಕ್ಕಿಂತ ಅದು ಸುಲಭ.